ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡಿ: ವಾಹನ ಪರೀಕ್ಷಿಸುವವರಿಗೆ ಒಂದು ಬಹಿರಂಗ ಪತ್ರ

ವಾಹನಗಳ ನಿಯಮ ಬರೆಯುವವರಿಗೆ, ಆ ನಿಯಮ ಹಿಡಿದು ಗಾಡಿ ಪರೀಕ್ಷಿಸುವವರಿಗೆ, ನಮಸ್ಕಾರ.

ನನ್ನ ಗಾಡಿಗೆ ಮೂರು ಚಕ್ರ. ಮುಂದೆ ಎರಡು, ಹಿಂದೆ ಒಂದು. ಇಂಜಿನ್ ಒಂದು ಹಳೇ ಮೋಟರ್‌ಬೈಕಿನದು. ಸ್ಟೇರಿಂಗ್ ಗುಜರಿ ಸೇರಬೇಕಿದ್ದ ಸಣ್ಣ ಕಾರಿನದು. ಚಾಸಿ ಮಾತ್ರ ಪೂರ್ತಿ ನನ್ನದು. ಉಕ್ಕಿನ ಪೈಪು ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡಿ ಕಟ್ಟಿದ್ದು. ನಾಲ್ಕು ವರ್ಷದ ಭಾನುವಾರಗಳೆಲ್ಲ ಅದಕ್ಕೇ ಹೋದವು. ನೋಡಿದವರು ಮಿಡತೆ ಅಂತಾರೆ, ಇನ್ನು ಕೆಲವರು ತಲೆಕೆಳಗಾದ ದೋಣಿ ಅಂತಾರೆ. ಎರಡಕ್ಕೂ ನನ್ನ ತಕರಾರಿಲ್ಲ.

ಇದನ್ನು ಟ್ರೇಲರ್ ಮೇಲೆ ಹೇರಿಕೊಂಡು ನಾನು ಒಂದು ಪರೀಕ್ಷಾ ಕೇಂದ್ರಕ್ಕೆ ಹೋಗಿದ್ದೆ. ಯಾವುದು ಅನ್ನೋದು ಬೇಡ, ಅಲ್ಲಿದ್ದವರ ಹೆಸರೂ ಬೇಡ. ಅರ್ಜಿಯಲ್ಲಿ ‘ತಯಾರಕರು’ ಅಂತ ಒಂದು ಕಾಲಂ ಇತ್ತು. ಕಂಪ್ಯೂಟರಿನಲ್ಲಿ ಅದಕ್ಕೊಂದು ಪಟ್ಟಿ. ಪಟ್ಟಿಯಲ್ಲಿರೋದೆಲ್ಲ ಕಂಪನಿಗಳು. ‘ತಯಾರಕರು ಯಾರು?’ ಅಂತ ಕೇಳಿದರು. ‘ನಾನೇ’ ಅಂದೆ. ಟೈಪ್ ಮಾಡುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಪರೀಕ್ಷಕರು ಹೊರಗೆ ಬಂದು ಗಾಡಿಗೆ ಒಂದು ಸುತ್ತು ಹಾಕಿದರು. ‘ಇದು ಬೈಕಾ, ಕಾರಾ?’ ಅಂದರು. ಬಣ್ಣದ ಬಗ್ಗೆ ಏನೋ ಕೇಳಿದರು. ಹಾರ್ನ್ ಒತ್ತಿಸಿದರು. ಎಲ್ಲ ಸೇರಿ ಹತ್ತು ನಿಮಿಷ ಆಗಿರಬಹುದು. ಕೈಗೆ ಬಂದ ಕಾಗದದಲ್ಲಿ ಒಂದೇ ಸಾಲು: ತಯಾರಕ ಕಂಪನಿಯ ಅನುಮೋದನೆ ಇಲ್ಲ, ತಿರಸ್ಕರಿಸಲಾಗಿದೆ.

ಸಿಟ್ಟು ಬಂತು. ವಾಪಸ್ ತಂದು ಶೆಡ್ಡಿನಲ್ಲಿ ನಿಲ್ಲಿಸಿ, ಮೇಲೆ ಟಾರ್ಪಾಲ್ ಎಳೆದೆ. ನಾಲ್ಕೈದು ತಿಂಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಈ ಪತ್ರವನ್ನು ಆಗಲೇ ಬರೆದಿದ್ದರೆ ಬರೀ ಬೈಗುಳ ಇರುತ್ತಿತ್ತು.

ಆಗ ಬರೆಯಲಿಲ್ಲ. ಯಾಕೆ ಅನ್ನೋದೇ ಈ ಪತ್ರದ ವಿಷಯ.

ನನ್ನ ಗೆಳೆಯರೊಬ್ಬರು ಮೂವತ್ತು ವರ್ಷ ವೆಲ್ಡಿಂಗ್ ಮಾಡಿದವರು. ಒಂದು ದಿನ ಶೆಡ್ಡಿಗೆ ಬಂದು, ಟಾರ್ಪಾಲ್ ಎತ್ತಿ, ಸೀದಾ ನೆಲದ ಮೇಲೆ ಮಲಗಿದರು. ಮಾತಿಲ್ಲ, ಕತೆಯಿಲ್ಲ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಒಂದೊಂದೇ ಜೋಡಣೆ ನೋಡುತ್ತ ಹೋದರು. ಮುಂದಿನ ಎಡ ಚಕ್ರದ ಹತ್ತಿರ ನಿಂತುಬಿಟ್ಟರು. ‘ಇಲ್ಲಿ ಬಣ್ಣ ಕೆರೆದು ಡೈ ಹಾಕಿ ನೋಡು’ ಅಂದರು.

ಡೈ ಪರೀಕ್ಷೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಲೋಹದ ಮೇಲ್ಮೈಯನ್ನು ಚೆನ್ನಾಗಿ ಒರೆಸಿ ಕೆಂಪು ದ್ರವ ಸ್ಪ್ರೇ ಮಾಡಬೇಕು. ಹತ್ತು-ಹದಿನೈದು ನಿಮಿಷ ಬಿಡಬೇಕು. ಬಿರುಕು ಇದ್ದರೆ ದ್ರವ ಒಳಗೆ ಇಳಿಯುತ್ತದೆ. ಆಮೇಲೆ ಮೇಲಿನ ಕೆಂಪನ್ನೆಲ್ಲ ಒರೆಸಿ ತೆಗೆದು, ಅದರ ಮೇಲೆ ಬಿಳಿ ಪುಡಿಯಂಥದ್ದು ಸ್ಪ್ರೇ ಮಾಡಬೇಕು. ಒಳಗೆ ಇಳಿದ ಕೆಂಪನ್ನು ಬಿಳಿ ಹೊರಗೆ ಎಳೆಯುತ್ತದೆ. ಬಿರುಕು ಇಲ್ಲದಿದ್ದರೆ ಬಿಳಿ ಬಿಳಿಯಾಗೇ ಇರುತ್ತದೆ.

ನನ್ನದು ಬಿಳಿಯಾಗಿ ಉಳಿಯಲಿಲ್ಲ. ಮೊದಲು ಏನೂ ಕಾಣಲಿಲ್ಲ. ಅರ್ಧ ನಿಮಿಷದಲ್ಲಿ ಬೆಸುಗೆಯ ಕೊನೆಯಲ್ಲಿ ಸೂಜಿ ಚುಚ್ಚಿದಷ್ಟು ಕೆಂಪು. ಮತ್ತೆ ನೋಡಿದರೆ ಅದು ಗೆರೆ. ಕೂದಲೆಳೆಯಷ್ಟು ತೆಳು. ಸ್ಕೇಲ್ ಇಟ್ಟು ನೋಡಿದೆ, 18 ಮಿಲಿಮೀಟರ್ ಉದ್ದ. ಮುಂಚಕ್ರವನ್ನು ಹಿಡಿದಿಡುವ ಕೆಳಗಿನ ತೋಳು ಚಾಸಿಗೆ ಸೇರುವ ಬ್ರಾಕೆಟ್ ಅದು. ಬ್ರೇಕ್ ಒತ್ತಿದಾಗಲೆಲ್ಲ ಗಾಡಿಯ ಭಾರ ಮುಂದಕ್ಕೆ ನುಗ್ಗುತ್ತದಲ್ವಾ, ಆ ಎಳೆತವೆಲ್ಲ ಬೀಳೋದು ಅದರ ಮೇಲೇ. ಅದು ಕಿತ್ತರೆ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಆಗ ಸ್ಟೇರಿಂಗ್ ಹಿಡಿದವನ ಕೈಯಲ್ಲಿ ಏನೂ ಇರೋದಿಲ್ಲ.

ತಪ್ಪು ನನ್ನದೇ. 6 ಮಿಲಿಮೀಟರ್ ದಪ್ಪದ ಪ್ಲೇಟನ್ನು 1.6 ಮಿಲಿಮೀಟರ್ ಗೋಡೆಯ ಪೈಪಿಗೆ ನೇರವಾಗಿ ಬೆಸೆದಿದ್ದೆ. ದಪ್ಪದ್ದು ಬಗ್ಗೋದಿಲ್ಲ, ತೆಳುವಾದದ್ದೇ ಪ್ರತಿ ಸಲ ಬಗ್ಗಬೇಕು. ಅದೂ ಬೆಸುಗೆಯ ಬಿಸಿ ತಿಂದ ಜಾಗದಲ್ಲಿ. ಸಾಲದ್ದಕ್ಕೆ ಬೆಸುಗೆಯನ್ನು ಸರಿಯಾಗಿ ಮೂಲೆಯಲ್ಲೇ ನಿಲ್ಲಿಸಿದ್ದೆ, ಎಳೆತ ಎಲ್ಲಕ್ಕಿಂತ ಜಾಸ್ತಿ ಇರುವ ಕಡೆ. ಖಾಲಿ ಮೈದಾನದಲ್ಲಿ ಸುಮಾರು 200 ಕಿಲೋಮೀಟರ್ ಓಡಿಸಿದ್ದೆ ಅಷ್ಟೇ. ಅಷ್ಟಕ್ಕೇ ಬಿರುಕು ಶುರುವಾಗಿತ್ತು.

ಅಂದರೆ ನನ್ನ ಗಾಡಿಯನ್ನು ತಿರಸ್ಕರಿಸಿದ್ದು ಸರಿಯೇ. ಆದರೆ ತಿರಸ್ಕರಿಸಿದವರಿಗೆ ಅದು ಗೊತ್ತಿರಲಿಲ್ಲ. ಅವರು ಬಗ್ಗಿಯೇ ನೋಡಿರಲಿಲ್ಲ. ನನ್ನ ಹತ್ತಿರ ಯಾವುದೋ ಕಂಪನಿಯ ಕಾಗದ ಇದ್ದಿದ್ದರೆ ಅದೇ ಬಿರುಕಿನ ಜೊತೆ ನಾನು ಆವತ್ತೇ ರಸ್ತೆಗೆ ಇಳಿಯುತ್ತಿದ್ದೆ. ಇದಕ್ಕೆ ನಿಮಗೆ ಧನ್ಯವಾದ ಹೇಳಬೇಕೋ ಜಗಳ ಆಡಬೇಕೋ ಇನ್ನೂ ತಿಳಿಯುತ್ತಿಲ್ಲ.

ವಿಚಿತ್ರ ಗಾಡಿ ಕಂಡರೆ ಮೊದಲು ಎಲ್ಲರ ಕಣ್ಣೂ ಆಕಾರದ ಮೇಲೇ ಹೋಗುತ್ತದೆ. ಇದು ಇವತ್ತಿನದಲ್ಲ. 1910ರಲ್ಲಿ ಇಂಗ್ಲೆಂಡಿನ ಲೋಸ್ಟಾಫ್ಟ್‌ನಲ್ಲಿ ಬ್ರೂಕ್ ಎಂಬ ಕಂಪನಿ ಹಂಸದ ಆಕಾರದ ಕಾರು ಮಾಡಿತು. ಕಲ್ಕತ್ತಾದಲ್ಲಿದ್ದ ಒಬ್ಬ ಶ್ರೀಮಂತ ಆಂಗ್ಲನಿಗಾಗಿ. ಮುಂದೆ ಉದ್ದ ಕತ್ತು, ಕತ್ತಲಲ್ಲಿ ಹೊಳೆಯುವ ಕಣ್ಣು. ಕೊಕ್ಕಿಗೆ ಇಂಜಿನ್ನಿನ ಕೂಲಿಂಗ್ ವ್ಯವಸ್ಥೆಯಿಂದ ಪೈಪು. ದಾರಿ ಬಿಡದ ಜನರ ಮೇಲೆ ಹಬೆ ಉಗುಳಬಹುದಿತ್ತು. ಮೊದಲ ದಿನವೇ ಬೀದಿಯಲ್ಲಿ ಗಲಾಟೆಯಾಗಿ ಪೊಲೀಸರು ಬರಬೇಕಾಯಿತಂತೆ. ಈಗ ಅದು ನೆದರ್ಲೆಂಡ್ಸ್‌ನ ಲೌಮನ್ ಮ್ಯೂಸಿಯಂನಲ್ಲಿದೆ. ಹಬೆ ಉಗುಳುವ ಕೊಕ್ಕನ್ನು ನಾನೂ ಪಾಸ್ ಮಾಡೋದಿಲ್ಲ, ಬಿಡಿ. ಆದರೆ ಕಾರಣ ಹಬೆ. ಹಂಸ ಅಲ್ಲ.

ಈ ಎರಡನ್ನು ಬೇರೆ ಮಾಡಿ ನೋಡೋದು ಸುಲಭವಲ್ಲ, ಒಪ್ಪುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 1958ರಲ್ಲಿ ಒಂದು ಕಾನೂನು ಬಂತು. ಗಾಡಿಯ ಬಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಇರಬಾರದು. ಸುಮ್ನೆ ನೋಡಿದರೆ ಇದಕ್ಕೆ ಅರ್ಥವಿದೆ. ಟೈರ್ ಗಾಳಿ ಪೂರ್ತಿ ಹೋದರೂ ಬಾಡಿ ರಸ್ತೆಗೆ ಉಜ್ಜಬಾರದು. ಆದರೆ ಆಗ ಅಲ್ಲಿನ ಮೆಕ್ಸಿಕನ್ ಮೂಲದ ಹುಡುಗರು ಲೋರೈಡರ್ ಅನ್ನುವ ತಗ್ಗಿಸಿದ ಕಾರುಗಳ ಹುಚ್ಚಿನಲ್ಲಿದ್ದರು. ಪೊಲೀಸರು ಹುಡುಕಿ ಹಿಡಿಯುತ್ತಿದ್ದದ್ದು ಅವರನ್ನೇ. 1959ರಲ್ಲಿ ರಾನ್ ಅಗಿರೆ ಎಂಬಾತ ವಿಮಾನದ ಹೈಡ್ರಾಲಿಕ್ ಬಿಡಿಭಾಗ ತಂದು ತನ್ನ ಕಾರ್ವೆಟ್ ಕಾರಿಗೆ ಜೋಡಿಸಿದ. ಸ್ವಿಚ್ ಒತ್ತಿದರೆ ಗಾಡಿ ಮೇಲೇಳುತ್ತದೆ. ಪೊಲೀಸ್ ಕಂಡರೆ ಕಾನೂನಿನ ಎತ್ತರ, ಅವರು ಹೋದ ಮೇಲೆ ತನ್ನ ಎತ್ತರ! ಹೀಗೆ ಹುಟ್ಟಿದ ಕುಣಿಯುವ ಕಾರುಗಳು ಈಗ ಜಗತ್ತಿನಲ್ಲೆಲ್ಲ ಪ್ರಸಿದ್ಧ. ಲೋರೈಡರ್‌ಗಳ ಮೇಲಿನ ನಿರ್ಬಂಧಗಳನ್ನು ಆ ರಾಜ್ಯ ಕೊನೆಗೆ 2024ರ ಜನವರಿಯಿಂದ ತೆಗೆದುಹಾಕಿತು.

ಬ್ರಿಟನ್ನಿನ ಇನ್ನೊಂದು ಕತೆ ನನಗೆ ಇನ್ನೂ ಇಷ್ಟ. 1957ರಲ್ಲಿ ಲೋಟಸ್ ಸೆವೆನ್ ಎಂಬ ಕಾರು ಬಂತು. ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ; ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. ಆದರೆ ಜೋಡಿಸುವ ವಿಧಾನ ಬರೆದು ಕೊಟ್ಟರೆ ಮತ್ತೆ ತೆರಿಗೆ. ಅದಕ್ಕೆ ಬಿಚ್ಚುವ ವಿಧಾನ ಬರೆದು ಕೊಡುತ್ತಿದ್ದರಂತೆ. ಕೊನೆಯಿಂದ ಮೊದಲಿಗೆ ಓದಿಕೊಂಡು ಹೋದರೆ ಕಾರು ತಯಾರು. ಕಾರು ಹುಚ್ಚಿನವರು ಇದನ್ನು ಇವತ್ತಿಗೂ ನಗುತ್ತ ಹೇಳುತ್ತಾರೆ. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಆ ಕಾರಿನ ಹಕ್ಕು ಕೇಟರ್‌ಹ್ಯಾಮ್ ಕಂಪನಿಯ ಕೈ ಸೇರಿತು. ಕಾರು ಇನ್ನೂ ತಯಾರಾಗುತ್ತಿದೆ, ಕಿಟ್ ಆಗಿಯೂ ಸಿಗುತ್ತದೆ. ಆದರೆ ಆ ನಿಯಮದಲ್ಲಿ ಬೆಸುಗೆ ನೋಡಿದವರು ಯಾರು? ತೆರಿಗೆಯವರು ನೋಡಿದ್ದು ಕಾಗದವನ್ನ.

ಮರಳುದಿಬ್ಬಗಳ ಮೇಲೆ ಓಡಿಸುವ ‘ಡ್ಯೂನ್ ಬಗ್ಗಿ’ ಎಂಬ ಗಾಡಿಯ ವಿಷಯಕ್ಕೆ ಬರೋಣ. 1964ರಲ್ಲಿ ಬ್ರೂಸ್ ಮೇಯರ್ಸ್ ಮೊದಲ ‘ಮೇಯರ್ಸ್ ಮ್ಯಾಂಕ್ಸ್’ ಕಟ್ಟಿದ. ಆತ ದೋಣಿ ಕಟ್ಟುತ್ತಿದ್ದವನು, ಫೈಬರ್‌ಗ್ಲಾಸ್ ಅವನ ಕೈಗೆ ಒಗ್ಗಿತ್ತು. ಆಮೇಲಿನ ಮ್ಯಾಂಕ್ಸ್‌ಗಳಿಗೆ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಸಾಕಾಗುತ್ತಿತ್ತು. ಬಾಡಿ ಎತ್ತಿ ಬಿಸಾಡಿ, ತಳದ ಪ್ಲಾಟ್‌ಫಾರ್ಮನ್ನು ನಡುವೆ ಸುಮಾರು 14 ಇಂಚು ಕತ್ತರಿಸಿ, ಎರಡು ತುಂಡನ್ನು ಮತ್ತೆ ಬೆಸೆದು, ಮೇಲೆ ಫೈಬರ್‌ಗ್ಲಾಸ್ ತೊಟ್ಟಿ ಕೂರಿಸಬೇಕು. 1967ರಲ್ಲಿ ಮೇಯರ್ಸ್ ಮತ್ತು ಗೆಳೆಯ ಆ ಮೊದಲನೇ ಬಗ್ಗಿಯಲ್ಲೇ ಮೆಕ್ಸಿಕೋದ ಬಾಹಾ ಪರ್ಯಾಯದ್ವೀಪ ದಾಟಿ, ಬೈಕುಗಳ ದಾಖಲೆಯನ್ನೇ ಮುರಿದರು. ಆಮೇಲೆ ನಕಲು ಮಾಡುವವರು ಮುಗಿಬಿದ್ದರು. ಮೇಯರ್ಸ್ ಕೋರ್ಟಿಗೆ ಹೋಗಿ ಸೋತ. ಜಗತ್ತಿನ ತುಂಬ ಅದೇ ಮುಖದ ಬಗ್ಗಿಗಳು.

ಹತ್ತು ಬಗ್ಗಿ ಸಾಲಾಗಿ ನಿಲ್ಲಿಸಿ. ಹತ್ತೂ ಒಂದೇ ಥರ ಕಾಣುತ್ತವೆ. ಒಂದರ ತಳವನ್ನು ಅಳತೆ ಹಿಡಿದು, ಕದಲದಂತೆ ಹಿಡಿಯುವ ಚೌಕಟ್ಟಿನಲ್ಲಿ (ಜಿಗ್) ಕೂರಿಸಿ, ನಿಧಾನವಾಗಿ ಬೆಸೆದಿರುತ್ತಾರೆ. ಇನ್ನೊಂದರದ್ದು ಒಂದು ಸಂಜೆಯ ಕೆಲಸ. ಆ 14 ಇಂಚಿನ ಗಾಯ ಕಾರ್ಪೆಟ್ಟಿನ ಕೆಳಗಿರುತ್ತದೆ. ಮೇಲೆ ನಿಂತು ಯಾವುದು ಯಾವುದು ಅಂತ ಹೇಳಿ ನೋಡೋಣ.

ಹಾಗಂತ ಆಕಾರಕ್ಕೂ ಅಪಾಯಕ್ಕೂ ಸಂಬಂಧವೇ ಇಲ್ಲ ಅಂತ ನಾನು ವಾದಿಸೋದಿಲ್ಲ. ಮೂರು ಚಕ್ರದವನು ನಾನು, ಚೆನ್ನಾಗಿ ಗೊತ್ತು. ಒಂಟಿ ಚಕ್ರ ಮುಂದಿದ್ದರೆ, ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಭಾರ ಆ ಒಂಟಿ ಚಕ್ರದ ಹೊರಬದಿಗೆ ನುಗ್ಗುತ್ತದೆ. ಅಲ್ಲಿ ತಡೆಯೋಕೆ ಚಕ್ರವೇ ಇಲ್ಲ, ಗಾಡಿ ಮಗುಚಬಹುದು. ಎರಡು ಮುಂದಿದ್ದರೆ ಅದೇ ಭಾರ ಹೊರಗಿನ ಚಕ್ರದ ಮೇಲೆ ಕೂರುತ್ತದೆ. ಅದಕ್ಕೇ ನಾನು ಎರಡನ್ನೂ ಮುಂದಿಟ್ಟೆ. ಬ್ರಿಟನ್ನಿನ ಮಾರ್ಗನ್ ಕಂಪನಿಯ ಹಳೇ ಮೂರು ಚಕ್ರದ ಗಾಡಿಗಳೂ ಹಾಗೇ ಇದ್ದವು. ಇನ್ನು 1933ರಲ್ಲಿ ಅಮೆರಿಕದ ವಿನ್ಯಾಸಕ ಬಕ್‌ಮಿನ್‌ಸ್ಟರ್ ಫುಲ್ಲರ್ ಕಟ್ಟಿದ ಡೈಮ್ಯಾಕ್ಸಿಯನ್ ಕಾರು ಇದೆಯಲ್ಲ, ಅದು ಮುಂದಿನ ಎರಡು ಚಕ್ರದಿಂದ ಓಡುತ್ತಿತ್ತು, ಹಿಂದಿನ ಒಂಟಿ ಚಕ್ರದಿಂದ ತಿರುಗುತ್ತಿತ್ತು. ನಿಂತಲ್ಲೇ ತಿರುಗಿಸಿದಷ್ಟು ಸಲೀಸು. ಆದರೆ ವೇಗ ಹೆಚ್ಚಿದಂತೆ, ಗಾಳಿ ಬೀಸಿದಾಗ ಹಿಡಿತ ಸಿಗುತ್ತಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಷಿಕಾಗೋದಲ್ಲಿ ಮೊದಲನೇ ಕಾರು ಅಪಘಾತಕ್ಕೆ ಸಿಕ್ಕಿ ಚಾಲಕ ಸತ್ತ. ಅದರಲ್ಲಿ ಇನ್ನೊಂದು ಕಾರಿನ ಪಾಲೂ ಇತ್ತು. ಕಟ್ಟಿದ್ದು ಮೂರೇ ಮೂರು ಕಾರು. ಈ ಕಾರಿನ ನೀರ್ಹನಿಯಂಥ ಆಕಾರ ನೋಡಿ ಬೆರಗಾದವರು ಸಾವಿರ ಜನ. ಆದರೆ ಕೇಳಬೇಕಾಗಿದ್ದ ಪ್ರಶ್ನೆ: ‘ತಿರುಗೋದು ಯಾವ ಚಕ್ರ?’

ಇಂಥ ಪ್ರಶ್ನೆ ಕೇಳುವ ಪರೀಕ್ಷೆ ಜಗತ್ತಿನಲ್ಲಿ ಇಲ್ಲ ಅಂತಲ್ಲ. ಇದೆ. ಬ್ರಿಟನ್ನಿನಲ್ಲಿ 1998ರಲ್ಲಿ ಒಂದೊಂದೇ ಗಾಡಿಯನ್ನು ಪ್ರತ್ಯೇಕವಾಗಿ ನೋಡುವ ಒಂದು ಅನುಮೋದನೆ ಶುರುವಾಯಿತು. 2009ರಲ್ಲಿ ಅದು ಬದಲಾಗಿ ಐವಿಎ (ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್) ಆಯಿತು. ಮನೆಯಲ್ಲಿ ಕಟ್ಟಿದ ಗಾಡಿ ಅಂದ ತಕ್ಷಣ ಅವರು ಬಾಗಿಲು ಹಾಕೋದಿಲ್ಲ. ಒಂದು ಚೆಂಡು ತರುತ್ತಾರೆ. ನಿಜವಾಗಿ! 100 ಮಿಲಿಮೀಟರ್ ವ್ಯಾಸದ ಗೋಳ. ಅದನ್ನು ಗಾಡಿಯ ಹೊರಮೈಗೆ ತಾಗಿಸುತ್ತ ಹೋಗುತ್ತಾರೆ. ಗೋಳ ತಾಗುವ ಕಡೆ ಅಂಚು ಚೂಪಾಗಿರಬಾರದು, ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿರಬೇಕು. ಯಾಕೆಂದರೆ ಆ ಅಂಚು ನಾಳೆ ಯಾರದೋ ಮೊಣಕಾಲಿಗೆ ತಾಗಬಹುದು. ಒಳಗೆ ತಲೆ ಬಡಿಯುವ ಜಾಗಗಳಿಗೆ ಇನ್ನೊಂದು ಗೋಳ, ಸುಮಾರು ತಲೆಯಷ್ಟೇ ದೊಡ್ಡದು. ಬ್ರೇಕ್, ಸ್ಟೇರಿಂಗ್, ಸೀಟ್‌ಬೆಲ್ಟ್ ಕಟ್ಟಿದ ಜಾಗ, ದೀಪ, ಸದ್ದು, ಹೊಗೆ ಎಲ್ಲವನ್ನೂ ನೋಡುತ್ತಾರೆ. ಗಾಡಿ ಮಿಡತೆಯ ಥರ ಇದೆಯಾ ಅಂತ ಚೆಂಡು ಕೇಳೋದಿಲ್ಲ.

ಇದರಲ್ಲಿ ಫೇಲ್ ಆಗುವವರು ಬೇಕಾದಷ್ಟು. ಅವರ ಕೈಗೆ ಒಂದು ಪಟ್ಟಿ ಸಿಗುತ್ತದೆ: ಇಲ್ಲಿ ಅಂಚು ಚೂಪು, ಇಲ್ಲಿ ಬ್ರೇಕ್ ಪೈಪಿಗೆ ಹಿಡಿಕೆ ಸಾಲದು. ಮನೆಗೆ ಹೋಗಿ ಸರಿಮಾಡಿ ಮತ್ತೆ ಬರುತ್ತಾರೆ. ನನಗೆ ಹೊಟ್ಟೆಕಿಚ್ಚಾಗೋದು ಪಾಸ್ ಆದವರನ್ನು ನೋಡಿ ಅಲ್ಲ, ಆ ಪಟ್ಟಿ ನೋಡಿ.

ಹಳೇ ಗಾಡಿಯನ್ನು ಬದಲಾಯಿಸುತ್ತ ಹೋದರೆ ಅದು ಯಾವಾಗ ಬೇರೆ ಗಾಡಿ ಆಗುತ್ತದೆ? ತತ್ವಜ್ಞಾನಿಗಳು ತಲೆ ಕೆಡಿಸಿಕೊಳ್ಳುವ ಈ ಪ್ರಶ್ನೆಗೂ ಬ್ರಿಟನ್ನಿನಲ್ಲಿ 2025ರವರೆಗೆ ಅಂಕದ ಲೆಕ್ಕವಿತ್ತು. ಮೂಲ ಚಾಸಿಗೆ 5 ಅಂಕ. ಸಸ್ಪೆನ್ಷನ್, ಆಕ್ಸಲ್‌ಗಳು, ಗೇರ್‌ಬಾಕ್ಸ್ ವ್ಯವಸ್ಥೆ, ಸ್ಟೇರಿಂಗ್ ಇವಕ್ಕೆ ತಲಾ 2. ಇಂಜಿನ್ನಿಗೆ ಬರೀ 1. ಮೂಲ ಚಾಸಿ ಸೇರಿ ಕನಿಷ್ಠ ಎಂಟು ಅಂಕ ಉಳಿದರೆ ಹಳೇ ಗುರುತು, ಅಂದರೆ ನೋಂದಣಿ ಸಂಖ್ಯೆ, ಉಳಿಯುತ್ತಿತ್ತು. ಇಂಜಿನ್ನಿಗೆ ಇಷ್ಟು ಕಡಿಮೆ ಅಂಕ ಕಂಡು ಹೊಸಬರಿಗೆ ಬೇಜಾರಾಗುತ್ತಿತ್ತು. ಅವರಿಗೆ ಗಾಡಿ ಅಂದರೆ ಇಂಜಿನ್. ಆದರೆ ಗಾಡಿಯನ್ನು ಒಟ್ಟಿಗೆ ಹಿಡಿದಿರೋದು ಚಾಸಿ. ಈ ಲೆಕ್ಕ ಬರೆದವರು ಎಂದೋ ಗಾಡಿಯ ಕೆಳಗೆ ಮಲಗಿದ್ದವರೇ ಇರಬೇಕು.

ನ್ಯೂಜಿಲೆಂಡಿನಲ್ಲಿ ಮಾರ್ಪಡಿಸಿದ ಗಾಡಿಗಳನ್ನು ನೋಡೋಕೆ ಅಂತಲೇ ಬೇರೆ ಪರೀಕ್ಷಕರಿದ್ದಾರೆ. ಅವರು ಒಪ್ಪಿದರೆ ಏನೇನು ಬದಲಾಗಿದೆ ಅಂತ ಬರೆದ ಒಂದು ಸಣ್ಣ ಲೋಹದ ಫಲಕ ಗಾಡಿಗೆ ಬೀಳುತ್ತದೆ. ಅಮೆರಿಕದ್ದು ಬೇರೆ ದಾರಿ. ಹಳೇ ಕಾರುಗಳ ಪ್ರತಿರೂಪ ಕಟ್ಟುವ ಸಣ್ಣ ಕಂಪನಿಗಳಿಗೆ ವರ್ಷಕ್ಕೆ 325 ಗಾಡಿಯ ಮಿತಿ ಹಾಕಿ 2015ರಲ್ಲಿ ಕಾನೂನು ಬಂತು. ಅದಕ್ಕೆ ನಿಯಮ ಬರೆಯೋಕೆ ಐದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಸರ್ಕಾರಿ ಕೆಲಸ ಎಲ್ಲ ಕಡೆಯೂ ಒಂದೇ ವೇಗ ಅಂತ ಸಮಾಧಾನ ಮಾಡಿಕೊಂಡೆ.

ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಕಂಪನಿ ಒಂದು ಮಾದರಿ ಪರೀಕ್ಷೆ ಮಾಡಿಸಿದರೆ ಲಕ್ಷ ಗಾಡಿಗೆ ಅದೇ ಸಾಕು. ನನ್ನಂಥವನ ಒಂದು ಗಾಡಿಗೆ ಅರ್ಧ ದಿನ ಬೇಕು. ಅದನ್ನು ಗೋಡೆಗೆ ಗುದ್ದಿ ಪರೀಕ್ಷೆ ಮಾಡೋಕೂ ಆಗೋದಿಲ್ಲ, ಇರೋದು ಒಂದೇ. ಆ ಅರ್ಧ ದಿನದ ಖರ್ಚು ನನ್ನಿಂದಲೇ ತಗೊಳ್ಳಿ. ಅಲ್ಲದೆ ನಿಮ್ಮ ಅರ್ಧ ಕೆಲಸವನ್ನು ನಾನೇ ಮಾಡಿ ತರಬಲ್ಲೆ. ಬಣ್ಣ ಬಳಿಯುವ ಮುಂಚೆ ಪ್ರತಿ ಬೆಸುಗೆಯ ಫೋಟೋ, ಯಾವ ಪೈಪು, ಎಷ್ಟು ದಪ್ಪ, ಬ್ರೇಕ್ ಯಾವ ಗಾಡಿಯದು, ಆ ಗಾಡಿಯ ತೂಕ ಎಷ್ಟಿತ್ತು, ನನ್ನದರ ತೂಕ ಎಷ್ಟು. ಈ ದಾಖಲೆ ಇಲ್ಲದೆ ಬರುವವರನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ನಾನು ತಕರಾರು ಮಾಡೋದಿಲ್ಲ. ನಾನು ಕೇಳುತ್ತಿರೋದು ಇಷ್ಟೇ: ಅರ್ಜಿಯಲ್ಲಿ ‘ನಾನೇ’ ಅಂತ ಬರೆಯೋಕೆ ಒಂದು ಜಾಗ, ಗಾಡಿಯ ಕೆಳಗೆ ಹೋಗಿ ನೋಡುವ ಒಬ್ಬರು, ಫೇಲ್ ಆದರೆ ಎಲ್ಲಿ ಫೇಲ್ ಅಂತ ಒಂದು ಪಟ್ಟಿ.

ನನ್ನ ಜೊತೆಯ ಹುಚ್ಚರಿಗೂ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸೈಲೆನ್ಸರ್ ಕತ್ತರಿಸೋದು ವಿನ್ಯಾಸ ಅಲ್ಲ. ಎದುರಿನವನ ಕಣ್ಣು ಕುಕ್ಕುವ ದೀಪ ಹಾಕೋದೂ ಅಲ್ಲ. ದೊಡ್ಡ ಟೈರ್ ಹಾಕಿ ಹಳೇ ಬ್ರೇಕೇ ಉಳಿಸಿಕೊಂಡವರು ಒಮ್ಮೆ ಲೆಕ್ಕ ಹಾಕಿ ನೋಡಿ: ಚಕ್ರದ ತ್ರಿಜ್ಯ ಜಾಸ್ತಿಯಾದಷ್ಟೂ ಅದೇ ಬ್ರೇಕಿನ ಹಿಡಿತ ರಸ್ತೆಯ ಮೇಲೆ ಕಡಿಮೆಯಾಗುತ್ತದೆ. ಬೀದಿಯ ಜನ ನಮ್ಮನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ಬೈಯುತ್ತಾರೆ. ರಾತ್ರಿ ಹನ್ನೊಂದಕ್ಕೆ ಢಮಾರ್ ಅನ್ನಿಸಿಕೊಂಡು ಹೋಗುವವರಿಂದಾಗಿ ನಮ್ಮ ಮಾತು ಯಾರ ಕಿವಿಗೂ ಬೀಳದಂತಾಗಿದೆ.

ಈಗ ನನ್ನ ಗಾಡಿಯ ಸ್ಥಿತಿ ಹೇಳಿ ಮುಗಿಸುತ್ತೇನೆ. ಆ ಬ್ರಾಕೆಟ್ಟನ್ನು ಗ್ರೈಂಡರ್ ಹಿಡಿದು ಕಿತ್ತು ಹಾಕಿದೆ. ಪೈಪಿನ ಸುತ್ತ ಅಗಲವಾದ ಪಟ್ಟಿ ಸುತ್ತಿ, ಅದರ ಮೇಲೆ ತೆಳು ಪ್ಲೇಟಿನ ಹೊಸ ಬ್ರಾಕೆಟ್ ಇಟ್ಟು, ಎರಡೂ ಕಡೆ ತ್ರಿಕೋನದ ಆಸರೆ ಕೊಟ್ಟಿದ್ದೇನೆ. ಈ ಸಲ ಬೆಸುಗೆ ಮಾಡಿದ್ದು ನಾನಲ್ಲ, ಆ ಗೆಳೆಯರು. ಬಲಗಡೆಯದನ್ನೂ ಹಾಗೇ ಬದಲಾಯಿಸಿದೆವು. ಅಲ್ಲಿ ಬಿರುಕು ಇರಲಿಲ್ಲ, ಆದರೆ ತಪ್ಪು ಅದೇ ಇತ್ತು. ಮತ್ತೆ ಅಷ್ಟೇ ದೂರ ಓಡಿಸಿ, ಬ್ರೇಕ್ ಒತ್ತಿ ಒತ್ತಿ ನಿಲ್ಲಿಸಿ, ಡೈ ಹಾಕಿ ನೋಡಿದೆವು. ಬಿಳಿ ಬಿಳಿಯಾಗೇ ಇತ್ತು.

ಹೊಸದಾಗಿ ಬೆಸೆದ ಆ ಜಾಗಗಳಿಗೆ ಇನ್ನೂ ಬಣ್ಣ ಹೊಡೆದಿಲ್ಲ. ನಿಮಗೆ ಕಾಣಲಿ ಅಂತ ಬರೀ ಎಣ್ಣೆ ಸವರಿ ಇಟ್ಟಿದ್ದೇನೆ. ಮುಂದಿನ ತಿಂಗಳು ಟ್ರೇಲರ್ ಹೇಳಿಟ್ಟಿದ್ದೇನೆ, ಅದೇ ಕೇಂದ್ರಕ್ಕೆ ಮತ್ತೆ ಬರುತ್ತೇನೆ. ಟಾರ್ಚ್ ನಿಮ್ಮ ಹತ್ತಿರ ಇರುತ್ತದೆ. ಮಲಗೋಕೆ ಚಾಪೆ ನಾನೇ ತರುತ್ತೇನೆ.

ಇಂತಿ,
ಮಿಡತೆ ಗಾಡಿಯವನು